ವಿಜ್ಞಾನಿಯ ಹೊಣೆ

ವಿಜ್ಞಾನಕ್ಕೆ ಒಳಿತು ಕೆಡುಕುಗಳ ಗೊಡವೆಯಿಲ್ಲ, ಅದು ಚೂರಿಯಂತೆ. ಹಣ್ಣು ಕೊಯ್ಯುವುದೋ ಕೊರಳು ಕೊಯ್ಯುವುದೋ ಹಿಡಿದವನಿಗೆ ಬಿಟ್ಟದ್ದು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಆದರೆ ಚೂರಿಯನ್ನು ಮಸೆದು ಕೊಟ್ಟವನಿಗೆ ಯಾವ ಹೊಣೆಯೂ ಇಲ್ಲವೇ?

ಪೋಲೆಂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಜೋಸೆಫ್ ರಾಟ್‌ಬ್ಲಾಟ್ 1944ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬು ತಯಾರಿಸುವ ಕೆಲಸಕ್ಕೆ ಸೇರಿದರು. ಹಿಟ್ಲರನ ಕೈಗೆ ಮೊದಲು ಬಾಂಬು ಸಿಕ್ಕೀತೆಂಬ ಭೀತಿಯೇ ಅವರನ್ನು ಅಲ್ಲಿಗೆ ಕರೆತಂದಿತ್ತು. ಜರ್ಮನಿ ಆ ಪ್ರಯತ್ನವನ್ನು ಕೈಬಿಟ್ಟಿದೆಯೆಂದು ಅದೇ ವರ್ಷದ ಕೊನೆಯಲ್ಲಿ ತಿಳಿದಾಗ ಅವರು ಕೆಲಸ ತೊರೆದು ಹೊರಟರು. ಇತರರು ಮುಂದುವರಿಸಿದರು. 1945ರ ಆಗಸ್ಟ್‌ನಲ್ಲಿ ಹಿರೋಶಿಮಾ, ನಾಗಸಾಕಿಗಳು ಬೂದಿಯಾದವು.

ಹೊರಟವರಿಗೂ ಉಳಿದವರಿಗೂ ತಿಳಿದಿದ್ದ ಸೂತ್ರಗಳು ಒಂದೇ. ನಮ್ಮ ಇಷ್ಟಾನಿಷ್ಟಗಳಿಂದ ಪರಮಾಣುವಿನ ನಿಯಮ ಬದಲಾಗದು. ನಮಗೆ ಬೇಕಾದಂತೆ ಫಲಿತಾಂಶವನ್ನು ತಿದ್ದಿದರೆ ಅದು ಸುಳ್ಳಾಗುತ್ತದೆ. ಆದರೆ ಯಾವ ಕೆಲಸಕ್ಕೆ ಕೈಹಾಕಬೇಕು, ಯಾರಿಗಾಗಿ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಸೂತ್ರಗಳಲ್ಲಿ ಉತ್ತರವಿಲ್ಲ. ಅದನ್ನು ಮನಸ್ಸಾಕ್ಷಿಯೇ ಹೇಳಬೇಕು.

ನಾನು ಬಿಟ್ಟರೆ ಇನ್ನೊಬ್ಬ ಮಾಡುತ್ತಾನೆ ಎಂದು ಕೆಲವರು ವಾದಿಸಬಹುದು. ನಿಜ, ರಾಟ್‌ಬ್ಲಾಟ್ ಹೊರಟರೂ ಬಾಂಬು ನಿಲ್ಲಲಿಲ್ಲ. ಆದರೆ ಇನ್ನೊಬ್ಬನ ಕೆಲಸಕ್ಕೆ ಅವನೇ ಉತ್ತರ ಹೇಳಬೇಕು. ನಮ್ಮ ಕೈಗಳು ಮಾಡಿದ್ದಕ್ಕೆ ನಾವು. ಮುಂದೆ ಅವರು ವಿಕಿರಣವನ್ನು ವೈದ್ಯಕೀಯಕ್ಕೆ ಬಳಸುವ ಸಂಶೋಧನೆಗೆ ತಿರುಗಿದರು. ಅಣ್ವಸ್ತ್ರಗಳ ವಿರುದ್ಧ ದಶಕಗಳ ಕಾಲ ದುಡಿದ ಅವರಿಗೂ ಅವರ ಪಗ್ವಾಶ್ ಸಂಘಟನೆಗೂ 1995ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು.

ನಮ್ಮ ಮಕ್ಕಳು ವಿಜ್ಞಾನಿಗಳಾಗಲಿ, ಇಂಜಿನಿಯರುಗಳಾಗಲಿ ಎಂದು ನಾವು ಹಾರೈಸುತ್ತೇವೆ. ಅವರು ತರುವ ಅಂಕಗಳನ್ನು ವಿಚಾರಿಸುವಾಗ ಇದನ್ನೂ ಕೇಳುವ ಅಭ್ಯಾಸ ಮಾಡಿಸೋಣ: ನಾನು ಕಲಿತದ್ದು ಯಾರ ಒಳಿತಿಗೆ?