ಮುಗಿಯದ ಊರಿನ ಋಣ

ಅರ್ಧ ಕಟ್ಟಿದ ವಸ್ತುವನ್ನು ಮಾರುವುದು ಧರ್ಮವೇ? ಕೆನಡಾದ ಪಾಲಿಮಾರ್ಫ್ ಗೇಮ್ಸ್ ಸಂಸ್ಥೆಯು ‘ಫೌಂಡೇಶನ್’ ಎಂಬ, ಊರು ಕಟ್ಟುವ ಕಂಪ್ಯೂಟರ್ ಆಟವನ್ನು ಅಪೂರ್ಣವೆಂದು ಸಾರಿಯೇ 2019ರ ಫೆಬ್ರವರಿಯಲ್ಲಿ ಮಾರಾಟಕ್ಕಿಟ್ಟಿತು. ಅದು ಪೂರ್ಣವಾದದ್ದು 2025ರ ಜನವರಿಯಲ್ಲಿ. ನಡುವಿನ ಆರು ವರ್ಷ ಕೊಂಡವರು ಆಡುತ್ತ, ಕುಂದುಕೊರತೆ ತಿಳಿಸುತ್ತ ಕಾದರು.

ಮೊದಲೇ ಹೇಳಿದ ಮೇಲೆ ಮೋಸವೆಲ್ಲಿ ಎನ್ನಬಹುದು. ನಿಜ. ಇಂಥ ಆಟಗಳನ್ನು ಮಾರುವ ‘ಸ್ಟೀಮ್’ ಎಂಬ ಮಳಿಗೆಯೂ, ಈಗಿನ ಸ್ಥಿತಿ ಹಿಡಿಸದಿದ್ದರೆ ಕಾದು ನೋಡಿರಿ ಎಂದು ಎಚ್ಚರಿಸುತ್ತದೆ. ಆದರೆ ಮೋಸವಿಲ್ಲದ ಮಾತ್ರಕ್ಕೆ ಹೊಣೆ ತೀರಿತೆ? ಕೊಂಡವನು ತೆತ್ತ ಹಣದಲ್ಲಿ ಒಂದು ಪಾಲು ಕೈಗೆ ಬಂದ ಆಟಕ್ಕೆ. ಇನ್ನೊಂದು ಪಾಲು ಬರಲಿರುವುದರ ಮೇಲಿನ ನಂಬಿಕೆಗೆ. ಈ ಎರಡನೆಯದು ಬೆಲೆಯಲ್ಲ, ಸಾಲ. ಕಾನೂನು ಕೇಳದಿದ್ದರೂ ಮನಸ್ಸಾಕ್ಷಿ ಅದರ ಲೆಕ್ಕ ಕೇಳುತ್ತದೆ. ಕೆಲಸ ಕೈಮೀರಿ ನಿಂತುಹೋಗುವುದು ದೋಷವಲ್ಲ. ನಿಂತದ್ದನ್ನು ಹೇಳದೆ ಹಣ ಪಡೆಯುತ್ತಲೇ ಇರುವುದು ದೋಷ.

ಆ ಆಟದಲ್ಲಿ ಒಂದು ವಿಶೇಷವಿದೆ. ಊರಿನ ದಾರಿಗಳನ್ನು ಆಟಗಾರ ಎಳೆಯುವುದಿಲ್ಲ. ಊರಜನ ಮತ್ತೆ ಮತ್ತೆ ನಡೆದಲ್ಲಿ ಹುಲ್ಲು ಸವೆದು ದಾರಿ ತಾನಾಗಿ ಮೂಡುತ್ತದೆ. ಮಾರುವವನಿಗೂ ಕೊಳ್ಳುವವನಿಗೂ ನಡುವಣ ವಿಶ್ವಾಸವೂ ಹೀಗೆಯೇ. ಅದು ಒಮ್ಮೆ ಆಡಿದ ಮಾತಿನಿಂದ ಹುಟ್ಟುವುದಲ್ಲ, ದಿನದಿನದ ನಡತೆಯಿಂದ ಮೂಡುವುದು.