ದೋಷ ಯಾರದು?

ಮುಂಬಯಿಯಲ್ಲಿ ಒಂದು ಅನುಕೂಲವಿದೆ. ನೀವು ಯಾವ ಡಾಕ್ಟರ ಬಾಗಿಲಲ್ಲಿ ಕುಳಿತಿದ್ದೀರಿ ಎಂದು ಊರಿನವರಾರೂ ನೋಡುವುದಿಲ್ಲ. 2007ರಲ್ಲಿ, ಮದುವೆಯಾಗಿ ನಾಲ್ಕು ವರ್ಷದ ಮೇಲೆ, ನನ್ನ ಪರೀಕ್ಷೆಯ ವರದಿಯಲ್ಲಿ ‘ಅಝೂಸ್ಪರ್ಮಿಯಾ’ ಎಂದಿತ್ತು. ಅಂದರೆ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲ. ಸುಮಾರು ನೂರು ಗಂಡಸರಲ್ಲಿ ಒಬ್ಬನಿಗೆ ಹೀಗಿರುತ್ತದೆ. ಡೊಂಬಿವಲಿಯ ಲೋಕಲಿನಲ್ಲಿ ನೇತಾಡುತ್ತ, ಈ ಡಬ್ಬಿಯಲ್ಲೇ ಇನ್ನೂ ಇಬ್ಬರು ಮೂವರು ಇದ್ದಾರು ಎಂದು ಲೆಕ್ಕ ಹಾಕಿ ಸಮಾಧಾನ ಪಟ್ಟುಕೊಂಡೆ.

ವೀರ್ಯಾಣು ತಯಾರಾಗಿ, ಹೊರಬರುವ ದಾರಿ ಮಾತ್ರ ಕಟ್ಟಿಕೊಂಡಿದ್ದರೆ ಸೂಜಿಯಿಂದ ಸೆಳೆದರೂ ಸಾಕು. ನನ್ನದು ತಯಾರಿಕೆಯಲ್ಲೇ ತೊಂದರೆ. ಅಂಥವರಿಗೆ ವೃಷಣವನ್ನು ತೆರೆದು, ಎಳೆಯಂಥ ನಾಳಗಳನ್ನು ಸೂಕ್ಷ್ಮದರ್ಶಕದಡಿ ಹುಡುಕುವ ಶಸ್ತ್ರಕ್ರಿಯೆಯಿದೆ. ಮೈಕ್ರೋ ಟೆಸೆ ಎನ್ನುತ್ತಾರೆ. ನ್ಯೂಯಾರ್ಕಿನ ಪೀಟರ್ ಶ್ಲೆಗೆಲ್ 1999ರಲ್ಲಿ ಅದನ್ನು ಪ್ರಕಟಿಸಿದರು. ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಕ್ಕೆ ಚುಚ್ಚಿ ಸೇರಿಸುವ ‘ಇಕ್ಸಿ’ಯಿಂದ ಗರ್ಭ ನಿಂತ ಸುದ್ದಿ ಬ್ರಸೆಲ್ಸಿನಿಂದ 1992ರಲ್ಲಿ ಬಂದಿತ್ತು. ಅದಿಲ್ಲದಿದ್ದರೆ ಈ ಹುಡುಕಾಟಕ್ಕೆ ಅರ್ಥವೇ ಇರುತ್ತಿರಲಿಲ್ಲ. ಸಿಕ್ಕೀತೆಂಬ ಭರವಸೆ ಅರ್ಧಕ್ಕರ್ಧ.

ದುಡ್ಡು, ಧೈರ್ಯ ಎರಡೂ ಕೂಡಿಬರಲು 2009 ಆಯಿತು. ಆಫೀಸಿನಲ್ಲಿ ಹರ್ನಿಯಾ ಆಪರೇಷನ್ ಎಂದು ರಜೆ ಬರೆದೆ. ಅಷ್ಟರಲ್ಲಿ ಉಡುಪಿ ಕಡೆಯಿಂದ ಅಮ್ಮನ ಫೋನು: “ಜೋಯಿಸರಿಗೆ ಅವಳ ಜಾತಕ ತೋರಿಸಿದೆ. ಅವಳಿಗೆ ನಾಗದೋಷ ಉಂಟಂತೆ. ಕುಕ್ಕೆಯಲ್ಲಿ ಒಂದು ಆಶ್ಲೇಷಾ ಬಲಿ ಮಾಡಿಸುವ. ಬೇಜಾರು ಮಾಡ್ಕೊಳ್ಳುದು ಬೇಡ ಅಂತ ಹೇಳು ಅವಳಿಗೆ.” ನಾನು “ಆಯ್ತಮ್ಮ” ಎಂದೆ. ಮಾತು ಹೆಂಡತಿಗೂ ಕೇಳಿಸಿತ್ತು. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ದೇಹದ ವಿಷಯ ನನ್ನದು, ಯಾರಿಗೂ ಹೇಳಬೇಕಾಗಿಲ್ಲ ಎಂಬ ವಾದವನ್ನು ಎರಡು ವರ್ಷ ಹಿಡಿದುಕೊಂಡಿದ್ದೆ. ಆ ವಾದ ಸುಳ್ಳಲ್ಲ. ಆಫೀಸಿನ ಹರ್ನಿಯಾದಿಂದ ಯಾರಿಗೂ ನಷ್ಟವಿರಲಿಲ್ಲ. ಆದರೆ ಅಮ್ಮನ ಮುಂದಿನ ನನ್ನ ಮೌನ ಬೇರೆ ಜಾತಿಯದು. ಅದರ ಖರ್ಚನ್ನು ಹೆಂಡತಿ ತೆರುತ್ತಿದ್ದಳು. ನನ್ನ ಗುಟ್ಟಿನ ಬೆಲೆಯನ್ನು ಇನ್ನೊಬ್ಬರು ಕೊಡುವುದಾದರೆ ಅದನ್ನು ನನ್ನ ಗುಟ್ಟು ಎನ್ನಲು ಬರುತ್ತದೆಯೆ?

ಈ ಚಿಕಿತ್ಸೆಯ ಸ್ವಭಾವವೇ ಹಾಗೆ. ಕೊರತೆ ಗಂಡನದಾದರೂ ದಿನವೂ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವಳು ಹೆಂಡತಿ. ಸುಮಾರು ಹತ್ತು ದಿನ ಹೊಟ್ಟೆಗೆ ಸೂಜಿ, ಆಮೇಲೆ ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುವುದು. ನನ್ನದು ಕೆಲವು ಗಂಟೆಯ ಶಸ್ತ್ರಕ್ರಿಯೆ, ಒಂದು ವಾರದ ನೋವು. ಮೈಯ ಭಾರವನ್ನು ವೈದ್ಯಶಾಸ್ತ್ರ ಅವಳ ಮೇಲೆ ಹಾಕಿತ್ತು. ಹೆಸರಿನ ಭಾರ ಹಾಕಿದವನು ನಾನು.

ಮಗು ಆದ ಮೇಲೆ ಹೇಳಿದರಾಯಿತು ಎಂದೂ ಅನ್ನಿಸಿತು. ಆಗ ಹೇಳಲು ಧೈರ್ಯವೇ ಬೇಕಿರಲಿಲ್ಲ, ಅದು ಗೆದ್ದವನ ಕಥೆಯಾಗುತ್ತಿತ್ತು. ಇಂಜೆಕ್ಷನ್ ಶುರುವಾಗುವ ಹಿಂದಿನ ದಿನ ಫೋನು ಮಾಡಿ ಹೇಳಿದೆ: “ಅಮ್ಮಾ, ದೋಷ ಅವಳದ್ದಲ್ಲ, ನನ್ನದು.” ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅವಳ ಹತ್ರ ನಾನು ಎಂತೆಂತ ಹೇಳಿಬಿಟ್ಟೆ ಮಾರಾಯ! ನೀನು ಮೊದಲೇ ಹೇಳ್ಬಾರದಿತ್ತಾ?” ಎಂದರು. ಉತ್ತರ ನನ್ನಲ್ಲಿರಲಿಲ್ಲ.

ಶಸ್ತ್ರಕ್ರಿಯೆಯಲ್ಲಿ ಏನೂ ಸಿಗಲಿಲ್ಲ. ಅವಳು ಪಟ್ಟ ಪಾಡೂ ವ್ಯರ್ಥವಾಯಿತು. ದಾನಿಯ ವೀರ್ಯಾಣು ನಮಗೆ ಬೇಡವೆನಿಸಿತು, ಬೇಕೆನ್ನುವವರದ್ದೂ ತಪ್ಪಲ್ಲ.

ಪರವೂರು ಗಂಡಸಿಗೆ ಒಂದು ಮರೆ ಕೊಡುತ್ತದೆ. ಆ ಮರೆಯಲ್ಲಿ ಅವನು ನಿಂತಾಗ ಊರಿನ ಕಣ್ಣಿಗೆ ಯಾರು ಬೀಳುತ್ತಾರೆ ಎಂಬುದನ್ನು ನಾವು ಕೇಳಿಕೊಳ್ಳುವುದಿಲ್ಲ. ನಾನು ಕೇಳಿಕೊಂಡೆ, ಆದರೆ ಎರಡು ವರ್ಷ ತಡವಾಗಿ. ಆ ಎರಡು ವರ್ಷದ ಬಗ್ಗೆ ಹೆಂಡತಿ ಇವತ್ತಿಗೂ ಒಂದು ಮಾತು ಆಡಿಲ್ಲ. ಅದನ್ನು ಕ್ಷಮೆ ಎಂದು ನಾನಾಗಿಯೇ ಅಂದುಕೊಳ್ಳಲು ಧೈರ್ಯವಿಲ್ಲ.