*ಇಂದಿನ ಧಮ್ಮ ಚಿಂತನೆ: ಮೊಬೈಲ್ ಗೇಮ್ ಮತ್ತು ಎರಡನೇ ಶೀಲ*



ಪಂಚಶೀಲದ ಎರಡನೆಯದನ್ನು ‘ಕಳ್ಳತನ ಮಾಡುವುದಿಲ್ಲ’ ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಪಾಲಿಯಲ್ಲಿ ಅದು ‘ಅದಿನ್ನಾದಾನ’, ಅಂದರೆ ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದು. ಹಾಗಾದರೆ, ಒಬ್ಬ ಹುಡುಗ ತನ್ನ ಬೆರಳಿನಿಂದಲೇ ಗುಂಡಿ ಒತ್ತಿ ಅಪ್ಪನ ಖಾತೆಯ ದುಡ್ಡನ್ನು ಗೇಮಿಗೆ ಹಾಕಿದರೆ, ಅದು ಅವನು ಕೊಟ್ಟದ್ದೋ, ಅವರು ಕಿತ್ತುಕೊಂಡದ್ದೋ?

ಹಿಂದೆ ಗೇಮ್ ಅಂದರೆ ಒಂದು ಸಲ ಸಿ.ಡಿ. ಕೊಂಡರೆ ಮುಗಿಯಿತು. ಈಗ ಗೇಮ್ ಉಚಿತ, ಅಂಗಡಿ ಅದರ ಒಳಗೇ ಇದೆ. ರೂಪಾಯಿಯನ್ನು ಮೊದಲು ಡೈಮಂಡ್, ಕಾಯಿನ್ ಮಾಡಿಸುತ್ತಾರೆ. ಖರ್ಚಿನ ಲೆಕ್ಕ ಅಲ್ಲೇ ತಪ್ಪುತ್ತದೆ. ಬೇಕಾದಷ್ಟೇ ಡೈಮಂಡ್ ಸಿಗುವುದಿಲ್ಲ, ಒಂದಿಷ್ಟು ಉಳಿಯುತ್ತದೆ, ಉಳಿದದ್ದನ್ನು ಬಳಸಲು ಮತ್ತೆ ಕೊಳ್ಳಬೇಕು. ‘ಇವತ್ತು ಮಾತ್ರ’ ಎಂಬ ಅವಸರ ಬೇರೆ. ಇನ್ನು ಲೂಟ್ ಬಾಕ್ಸ್: ದುಡ್ಡು ಕೊಟ್ಟು ಮುಚ್ಚಿದ ಪೆಟ್ಟಿಗೆ ಕೊಳ್ಳುವುದು, ಒಳಗಿರುವುದು ಅದೃಷ್ಟಕ್ಕೆ ಬಿಟ್ಟದ್ದು. 2018ರಲ್ಲಿ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ ಇಂಥ ಪೆಟ್ಟಿಗೆಗಳನ್ನು ಜೂಜು ಎಂದೇ ಪರಿಗಣಿಸಿತು. ಆಟಗಾರರನ್ನು ದಾರಿ ತಪ್ಪಿಸಿ ಹಣ ಪಡೆದ ಆರೋಪದಲ್ಲಿ ಫೋರ್ಟ್‌ನೈಟ್‌ನ ಎಪಿಕ್ ಗೇಮ್ಸ್ 24.5 ಕೋಟಿ ಡಾಲರ್ ಮರಳಿಸಲು 2022ರಲ್ಲಿ ಅಮೆರಿಕದಲ್ಲಿ ಒಪ್ಪಿಕೊಂಡಿತು.

‘ಯಾರೂ ಬಲವಂತ ಮಾಡಲಿಲ್ಲವಲ್ಲ’ ಅನ್ನಬಹುದು. ಆದರೆ ಕೊಡುವುದು ಎಂದರೆ ತಿಳಿದು ಕೊಡುವುದು. ಧಮ್ಮದಲ್ಲಿ ಕರ್ಮವನ್ನು ಅಳೆಯುವುದು ಚೇತನದಿಂದ, ಬೆರಳಿನಿಂದಲ್ಲ. ಬೆಲೆಯನ್ನು ಮರೆಮಾಚಿ, ಎಳೆಯ ಮನಸ್ಸಿನ ಆಸೆ ಕೆರಳಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಅದು ಅದಿನ್ನಾದಾನವೇ ಎಂದು ನನ್ನ ತಿಳಿವಳಿಕೆ.

ನಮ್ಮ ಮಕ್ಕಳ ವಿಷಯದಲ್ಲಿ ಇದು ಇನ್ನೂ ಆಳಕ್ಕೆ ಹೋಗುತ್ತದೆ. ದುಡ್ಡು ಕೊಟ್ಟು ಕೊಂಡ ವೇಷ ಇಲ್ಲದ ಹುಡುಗನನ್ನು ಜೊತೆಯವರು ‘ಬಾಟ್’ ಎಂದು ಹೀಯಾಳಿಸುವುದನ್ನು ನನ್ನ ತರಗತಿಯಲ್ಲೇ ಕೇಳುತ್ತೇನೆ. ಕೂಲಿ ಮಾಡುವ ಮನೆಯ ಹುಡುಗ ಡೈಮಂಡ್ ಕೊಂಡರೆ ಅದನ್ನು ಬರೀ ದುರಾಸೆ ಎನ್ನಲಾರೆ. ಅವನಿಗೆ ಬೇಕಿರುವುದು ಮರ್ಯಾದೆ. ಬಾಬಾಸಾಹೇಬರು ಹೋರಾಡಿ ಗಳಿಸಿಕೊಟ್ಟ ಘನತೆಯ ನಕಲನ್ನು ಕಂಪನಿಗಳು ಅವನಿಗೆ ಕಂತಿನಲ್ಲಿ ಮಾರುತ್ತಿವೆ. ಜೊತೆಗೆ, ‘ಎಲ್ಲಾ ಹಣೆಬರಹ’ ಎಂಬ ಮಾತನ್ನು ನಾವು 1956ರ ದೀಕ್ಷೆಯೊಂದಿಗೆ ಹೊಸ್ತಿಲಾಚೆ ಎಸೆದೆವು. ಅದು ಈಗ ಅದೃಷ್ಟದ ಪೆಟ್ಟಿಗೆಯಾಗಿ ಮಕ್ಕಳ ಕೈಗೇ ಬಂದಿದೆ.

ಆಟ ಕೆಟ್ಟದ್ದಲ್ಲ, ಮಕ್ಕಳು ಆಡಲಿ. ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗೃಹಸ್ಥ ಯುವಕನಿಗೆ ಜೂಜು ಬೇಡ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ, ಅದರ ಆರು ಕೇಡುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ನಮಗೂ ಅದೇ ದಾರಿ. ಮೊಬೈಲ್ ಕಿತ್ತುಕೊಂಡು ಬೈಯುವ ಬದಲು ಮಗುವಿನ ಪಕ್ಕ ಕೂತು, ಈ ತಿಂಗಳ ಡೈಮಂಡನ್ನು ರೂಪಾಯಿಗೆ ಇಳಿಸಿ, ಆ ರೂಪಾಯಿಯನ್ನು ಅಮ್ಮನ ಕೂಲಿ ದಿನಗಳಿಗೆ ಇಳಿಸಿ ಲೆಕ್ಕ ಹಾಕೋಣ. ಗೇಮ್ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಯುವಕರೂ ಸಮ್ಮಾ ಆಜೀವದ ಬೆಳಕಿನಲ್ಲಿ ತಮ್ಮ ಕೆಲಸವನ್ನು ಒಮ್ಮೆ ನೋಡಿಕೊಳ್ಳಲಿ.

ಭಾನುವಾರ ವಿಹಾರದಲ್ಲಿ ಈ ಬಗ್ಗೆ ಮಾತಾಡೋಣ. ಮಕ್ಕಳನ್ನೂ ಕರೆತನ್ನಿ, ಮೊದಲು ಅವರೇ ಮಾತಾಡಲಿ.

ನಮೋ ಬುದ್ಧಾಯ, ಜೈ ಭೀಮ್ 🙏